ಡಬ್ಬದ ಮುಂದೆ ಕೂತವರಿಗೆ ಭೂತ, ಪಕ್ಕಕ್ಕೆ ಬಂದವರಿಗೆ ಗಾಜು



ಸ್ವಲ್ಪ ಉದ್ದದ ಬರಹ. ಬಿಡುವಾದಾಗ ಓದಿ. ನಡುವೆ ನಿಮ್ಮ ಮನೆಯಲ್ಲೇ ಮಾಡಿ ನೋಡಬಹುದಾದ ಒಂದು ಕೆಲಸವೂ ಇದೆ. ಮಕ್ಕಳಿದ್ದರೆ ಪಕ್ಕದಲ್ಲಿ ಕೂರಿಸಿಕೊಂಡು ಓದಿ.

ಈ ಸಲದ ಅಂಬೇಡ್ಕರ್ ಜಯಂತಿಗೆ ಇಪ್ಪತ್ತು ದಿನ ಮುಂಚೆ ನಮ್ಮ ಕೇರಿಯ ಸಮುದಾಯ ಭವನದಲ್ಲಿ ಸಮಿತಿ ಸಭೆ ಸೇರಿತ್ತು. ಪ್ರತಿ ವರ್ಷದ ಹಾಗೆ ಮೆರವಣಿಗೆ, ಊಟ, ಭಾಷಣ, ಡಿಜೆ. ಹುಡುಗರು ಒಂದು ಹೊಸ ಮಾತು ತೆಗೆದರು. "ಅಣ್ಣಾ, ಈ ಸಲ ಹೊಲೊಗ್ರಾಮ್ ಬಾಬಾಸಾಹೇಬ್ ತರಿಸೋಣ. ಗಾಳಿಯಲ್ಲಿ ನಿಂತಂಗೆ ಕಾಣ್ತಾರೆ. ಒಂದು ಸಂಜೆಗೆ 45 ಸಾವಿರ." ಯಾಕಪ್ಪ ಅಂದರೆ, ಹೋದ ತಿಂಗಳು ಮೇಲಿನ ಬೀದಿಯವರ ಜಾತ್ರೆಗೆ ಎಲ್‌ಇಡಿ ಗೋಡೆ ಬಂದಿತ್ತು. ನಾವೇನು ಕಮ್ಮಿ?

ಆ ಆಸೆ ನನಗೆ ಅರ್ಥ ಆಗುತ್ತೆ. ನಮ್ಮಪ್ಪನ ಕಾಲದಲ್ಲಿ ಒಂದು ಫೋಟೊ ಇಡೋಕೂ ಊರಿನವರ ಅಪ್ಪಣೆ ಕೇಳಬೇಕಿತ್ತು. ಈಗ ಬಾಬಾಸಾಹೇಬರು ಬೆಳಕಾಗಿ ನಿಲ್ಲಲಿ ಅಂತ ಹುಡುಗರು ಕೇಳಿದರೆ ಬೇಡ ಅನ್ನೋಕೆ ಬಾಯಿ ಬರಲ್ಲ. ಆದರೆ ನಾನು ಗುಮಾಸ್ತ. ಬಿಲ್ಲು ನೋಡದೆ ಸಹಿ ಹಾಕೋ ಅಭ್ಯಾಸ ಇಲ್ಲ. ಒಂದೇ ಪ್ರಶ್ನೆ ಕೇಳಿದೆ: "ಅದು ಹೇಗೆ ಕೆಲಸ ಮಾಡುತ್ತೆ?" ಯಾರಿಗೂ ಗೊತ್ತಿರಲಿಲ್ಲ. ಅಲ್ಲೇ ಬಾಡಿಗೆ ಕೊಡೋನಿಗೆ ಫೋನ್ ಮಾಡಿ ಸ್ಪೀಕರ್‌ಗೆ ಹಾಕಿದರು. ಆತ ಹೇಳಿದ: "ಅದೆಲ್ಲ ಲೇಸರ್ ಟೆಕ್ನಾಲಜಿ ಸಾರ್. ನಿಮಗೆ ಹೇಳಿದರೆ ಅರ್ಥ ಆಗಲ್ಲ. ಪಬ್ಲಿಕ್ ಇಪ್ಪತ್ತು ಅಡಿ ದೂರ ಇರಬೇಕು. ಪಕ್ಕಕ್ಕೆ ಬರಬಾರದು. ಮುಟ್ಟಬಾರದು."

ಮುಟ್ಟಬಾರದು.

ಆತ ಜಾತಿ ನೋಡಿ ಹೇಳಿದ್ದಲ್ಲ, ಅದು ನನಗೂ ಗೊತ್ತು. ಎಲ್ಲರಿಗೂ ಅದೇ ಹೇಳ್ತಾನೆ. ಆದರೆ ನಲವತ್ತು ದಾಟಿದ ನನ್ನಂಥವನ ಕಿವಿಗೆ ಆ ಪದ ಬಿದ್ದರೆ ಬೇರೆ ಏನೇನೋ ನೆನಪಾಗುತ್ತೆ. ನಾನು ಹೈಸ್ಕೂಲಿನಲ್ಲಿದ್ದಾಗ ವಿಜ್ಞಾನದ ಬೀರು ಅಂತ ಒಂದಿತ್ತು. ಗಾಜಿನ ಬಾಗಿಲು, ಬೀಗ. ವರ್ಷಕ್ಕೊಂದು ಸಲ ಮೇಷ್ಟ್ರು ಪ್ರಿಸಮ್ ತೆಗೆದು ಕಿಟಕಿಯ ಬಿಸಿಲಿಗೆ ಹಿಡಿದು ಏಳು ಬಣ್ಣ ತೋರಿಸೋರು. ಮುಂದಿನ ಬೆಂಚಿನ ಹುಡುಗರ ಕೈಗೆ ಕೊಡೋರು, ಅವರು ತಿರುಗಿಸಿ ನೋಡೋರು. ನಮ್ಮ ಸಾಲಿಗೆ ಬರುವಾಗ "ನೀವು ಒಡೆದುಬಿಡ್ತೀರ ಕಣ್ರೋ" ಅಂತ ಬೀರಿಗೆ ಇಟ್ಟು ಬೀಗ ಹಾಕೋರು. ಪ್ರಿಸಮ್ ಬಗ್ಗೆ ಐದು ಅಂಕದ ಪ್ರಶ್ನೆಗೆ ಐದೂ ಅಂಕ ತಗೊಂಡಿದೀನಿ. ಪ್ರಿಸಮ್ಮನ್ನು ಮುಟ್ಟಿಲ್ಲ. ಪಿಯುಸಿಗೆ ಆರ್ಟ್ಸ್ ಸೇರಿದೆ, ಬಿಎ ಮಾಡಿದೆ, ಗುಮಾಸ್ತನಾದೆ. ಅದರ ಬಗ್ಗೆ ಪಶ್ಚಾತ್ತಾಪ ಇಲ್ಲ. ಆದರೆ ವಿಜ್ಞಾನ ಅಂದರೆ ದೂರದಿಂದ ನೋಡೋದು ಅನ್ನೋ ಒಂದು ಅಂಜಿಕೆ ಮೈಯೊಳಗೆ ಉಳಿದುಬಿಡ್ತು.

ಆ ರಾತ್ರಿ ಅವನು ಕಳಿಸಿದ್ದ ವಿಡಿಯೊ ಹತ್ತು ಸಲ ನೋಡಿದೆ. ಒಂದು ಕಡೆ ಕ್ಯಾಮೆರಾ ಸ್ವಲ್ಪ ಪಕ್ಕಕ್ಕೆ ಸರಿದಾಗ ಗುಟ್ಟು ಸಿಕ್ಕಿತು. ವೇದಿಕೆ ಮೇಲೆ ಓರೆಯಾಗಿ ಬಿಗಿದಿದ್ದ ತೆಳು ಪ್ಲಾಸ್ಟಿಕ್ ಹಾಳೆ ಮಿಂಚಿತು. ಅಷ್ಟೇ! ಲೇಸರೂ ಇಲ್ಲ, ಎಂಥದೂ ಇಲ್ಲ. ಅದು ಪ್ರತಿಬಿಂಬ.

ರಾತ್ರಿ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಿದ್ದೀರಲ್ಲ? ಹೊರಗೆ ಕತ್ತಲು, ಒಳಗೆ ಲೈಟು. ಕಿಟಕಿ ಗಾಜಿನಾಚೆ ಹೊಲದ ಮೇಲೆ ನಿಮ್ಮದೇ ಮುಖ ತೇಲುತ್ತಾ ಬರುತ್ತೆ. ಮುಖದ ಮೂಲಕವೇ ದೂರದ ಊರಿನ ದೀಪವೂ ಕಾಣುತ್ತೆ. ಅದೇ ಇದು. ಗಾಜು ಬೆಳಕನ್ನು ಬಹುಪಾಲು ಒಳಗೆ ಬಿಡುತ್ತೆ, ಸ್ವಲ್ಪ ಪಾಲು ವಾಪಸ್ ಕಳಿಸುತ್ತೆ. 45 ಡಿಗ್ರಿ ಓರೆಯಲ್ಲಿಟ್ಟರೆ ವಾಪಸ್ ಬರೋದು ಸುಮಾರು ಹತ್ತರಲ್ಲಿ ಒಂದು ಪಾಲು. ಸುತ್ತ ಕತ್ತಲಿದ್ದರೆ ಆ ಒಂದು ಪಾಲೇ ಸಾಕು, ಗಾಳಿಯಲ್ಲಿ ಆಕಾರ ನಿಂತಂಗೆ ಕಾಣುತ್ತೆ. ಗಾಜಿನಿಂದ ವಸ್ತು ಎಷ್ಟು ಮುಂದಿದೆಯೋ ಬಿಂಬ ಅಷ್ಟೇ ಹಿಂದೆ ಕಾಣುತ್ತೆ. ಅದಕ್ಕೇ ನಮ್ಮ ಕಣ್ಣು ಅದನ್ನು ಗಾಜಿನ ಮೇಲಿನ ಚಿತ್ರ ಅಂದುಕೊಳ್ಳಲ್ಲ, ಒಳಗೆ ಯಾರೋ ನಿಂತಿದಾರೆ ಅಂದುಕೊಳ್ಳುತ್ತೆ.

ಇದು ನಿಜವಾದ ಹೊಲೊಗ್ರಾಮ್ ಅಲ್ಲ ಅನ್ನೋದನ್ನೂ ಹೇಳಿಬಿಡ್ತೀನಿ. ಹೊಲೊಗ್ರಫಿ ಕಂಡುಹಿಡಿದವರು ಡೆನ್ನಿಸ್ ಗಾಬರ್, ಹಂಗೇರಿಯಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ಕೆಲಸ ಮಾಡಿದವರು. 1971ರಲ್ಲಿ ಅದಕ್ಕೆ ನೊಬೆಲ್ ಬಂತು. ಅದರಲ್ಲಿ ವಸ್ತುವಿನಿಂದ ಬರೋ ಬೆಳಕಿನ ಅಲೆಯನ್ನೇ ಫಿಲ್ಮಿನ ಮೇಲೆ ದಾಖಲು ಮಾಡ್ತಾರೆ. ನೀವು ತಲೆ ಸರಿಸಿದರೆ ವಸ್ತುವಿನ ಪಕ್ಕದ ಭಾಗವೂ ಕಾಣುತ್ತೆ. ನಮಗೆ 45 ಸಾವಿರಕ್ಕೆ ಕೊಡೋಕೆ ಬಂದಿದ್ದು ಅದಲ್ಲ. ಒಂದು ಚಪ್ಪಟೆ ಚಿತ್ರ, ಗಾಜಿನ ಹಿಂದೆ ನಿಂತಂತೆ ಕಾಣೋ ಚಿತ್ರ. ಸುಳ್ಳು ಹೆಸರಿಗೇ ಅರ್ಧ ದುಡ್ಡು.

ಈ ವಿದ್ಯೆ ಹೊಸದೂ ಅಲ್ಲ. 1862ರ ಡಿಸೆಂಬರ್ 24ರಂದು ಲಂಡನ್ನಿನ ರಾಯಲ್ ಪಾಲಿಟೆಕ್ನಿಕ್‌ನಲ್ಲಿ ಜಾನ್ ಹೆನ್ರಿ ಪೆಪ್ಪರ್ ಅನ್ನೋ ಪ್ರೊಫೆಸರ್ ಡಿಕನ್ಸ್ ಕಥೆಯೊಂದರ ದೃಶ್ಯದಲ್ಲಿ ವೇದಿಕೆ ಮೇಲೆ ಭೂತ ತೋರಿಸಿದ. ಜನ ಬೆಚ್ಚಿಬಿದ್ದರು. ಇವತ್ತಿಗೂ ಜಗತ್ತೆಲ್ಲ ಇದನ್ನು "ಪೆಪ್ಪರನ ಭೂತ" ಅಂತಲೇ ಕರೆಯೋದು. ಆದರೆ ಈ ಉಪಾಯವನ್ನು ಮೊದಲು ವೇದಿಕೆಗೆ ಯೋಚಿಸಿದ್ದು ಹೆನ್ರಿ ಡರ್ಕ್ಸ್ ಅನ್ನೋ ಎಂಜಿನಿಯರ್. 1858ರಲ್ಲೇ ಅದನ್ನು ವಿದ್ವಾಂಸರ ಮುಂದೆ ಇಟ್ಟಿದ್ದ. ಅವನ ವಿಧಾನಕ್ಕೆ ನಾಟಕ ಶಾಲೆಯನ್ನೇ ಬೇರೆ ಥರ ಕಟ್ಟಬೇಕಿತ್ತು, ಯಾರೂ ಒಪ್ಪಲಿಲ್ಲ. ಪೆಪ್ಪರ್ ಅದನ್ನು ಇದ್ದ ವೇದಿಕೆಗೇ ಹೊಂದಿಸಿದ. 1863ರಲ್ಲಿ ಇಬ್ಬರ ಹೆಸರಿನಲ್ಲೂ ಪೇಟೆಂಟ್ ಆಯಿತು. ಹೆಸರು ಮಾತ್ರ ಒಬ್ಬನಿಗೇ ಉಳಿಯಿತು. ಡರ್ಕ್ಸ್ ಅದೇ ವರ್ಷ ಒಂದು ಪುಸ್ತಕ ಬರೆದು ನನ್ನ ಹೆಸರು ಬಿಟ್ಟಿದಾರೆ ಅಂತ ದೂರಿಕೊಂಡ. ಯಾರಿಗೆ ನೆನಪಿದೆ?

ಈ ಕಥೆಯನ್ನು ನಮ್ಮ ಕೇರಿಯ ಮಕ್ಕಳಿಗೆ ಹೇಳ್ತಿದ್ದೆ. ಆ ನಾಟಕದಲ್ಲಿ ಭೂತ ಹೇಗೆ ಬರ್ತಿತ್ತು ಅಂದರೆ, ವೇದಿಕೆಯ ಮುಂಭಾಗದಲ್ಲಿ ಕೆಳಗೆ ಒಂದು ಗುಂಡಿ. ಪ್ರೇಕ್ಷಕರಿಗೆ ಕಾಣಲ್ಲ. ಅದರೊಳಗೆ ಭೂತದ ವೇಷದ ನಟ. ಅವನ ಮೇಲೆ ಕಣ್ಣು ಕೋರೈಸೋ ದೀಪ. ಅವನ ಬಿಂಬ ಮೇಲಿನ ದೊಡ್ಡ ಗಾಜಿನಲ್ಲಿ ಬಿದ್ದು ವೇದಿಕೆ ಮೇಲೆ ನಡೆದಾಡಿದಂಗೆ ಕಾಣ್ತಿತ್ತು. ಆಗಷ್ಟೇ ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿಸಿದ್ದ ಒಬ್ಬಳು ಹುಡುಗಿ ಕೇಳಿದಳು, "ಅಂಕಲ್, ಆ ಗುಂಡಿಯೊಳಗೆ ಇದ್ದೋರ ಹೆಸರೇನು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಹುಡುಗಿಯ ಅಪ್ಪ ಪೌರಕಾರ್ಮಿಕ. ಮ್ಯಾನ್‌ಹೋಲಿಗೆ ಮನುಷ್ಯರನ್ನು ಇಳಿಸಬಾರದು ಅಂತ 2013ರಲ್ಲಿ ಕಾಯ್ದೆ ಬಂತು. ಆಮೇಲೂ ಇಳಿಸಿದಾರೆ, ಆಮೇಲೂ ಸತ್ತಿದಾರೆ. ಮೇಲೆ ಬೆಳಕಿನಲ್ಲಿ ಕಾಣೋರು ಯಾರೋ, ಕೆಳಗೆ ಗುಂಡಿಯಲ್ಲಿ ಬಿಸಿ ತಿನ್ನೋರು ಯಾರೋ. ಆ ಪ್ರಶ್ನೆ ಅವಳಿಗೆ ಯಾಕೆ ಹೊಳೀತು ಅಂತ ನಾನು ಕೇಳೋಕೆ ಹೋಗಲಿಲ್ಲ.

ಸರಿ, ನಾವೇ ಮಾಡೋಣ ಅಂತ ತೀರ್ಮಾನ ಆಯಿತು. ಸಮಿತಿಯಲ್ಲಿ ಅರ್ಧ ಜನ ನಕ್ಕರು. "ಅಣ್ಣನದು ಯಾವಾಗಲೂ ಜಿಪುಣತನ" ಅಂದರು. ಇರಲಿ.

ಮೊದಲು ಚಿಕ್ಕದು ಮಾಡಿದೆವು. ನೀವೂ ಇದರಿಂದಲೇ ಶುರು ಮಾಡಿ. ಜೆರಾಕ್ಸ್ ಅಂಗಡಿಯಲ್ಲಿ ಪಾರದರ್ಶಕ ಶೀಟ್ ಕೇಳಿ, ದಪ್ಪದ್ದು ಇದ್ದರೆ ಒಳ್ಳೆಯದು. ಹಳೆ ಸಿಡಿ ಡಬ್ಬದ ಮುಚ್ಚಳ ಸಿಕ್ಕರೆ ಇನ್ನೂ ಒಳ್ಳೆಯದು, ಆದರೆ ಬ್ಲೇಡಿನಲ್ಲಿ ಹತ್ತು ಸಲ ಗೀರಿ ನಿಧಾನಕ್ಕೆ ಮುರಿಯಬೇಕು. ನೀರಿನ ಬಾಟಲಿ ಬೇಡ, ಅದು ಬಾಗಿರುತ್ತೆ, ಬಿಂಬವೂ ಸೊಟ್ಟಗಾಗುತ್ತೆ. ಕಾಗದದ ಮೇಲೆ ಒಂದು ತ್ರಾಪಿಜ್ಯ ಬರೆಯಿರಿ. ಒಂದು ಬದಿ 1 ಸೆಂಟಿಮೀಟರ್, ಎದುರು ಬದಿ 6 ಸೆಂಟಿಮೀಟರ್, ಎರಡರ ನಡುವಿನ ಎತ್ತರ 3.5 ಸೆಂಟಿಮೀಟರ್. ಅದೇ ಅಳತೆಗೆ ನಾಲ್ಕು ತುಂಡು ಕತ್ತರಿಸಿ, ಅಂಚಿಗೆ ಸೆಲ್ಲೊಟೇಪ್ ಹಾಕಿ ಸೇರಿಸಿ. ಎಣ್ಣೆ ಸುರಿಯೋ ಆಲಿಕೆ ಥರ ಆಗುತ್ತೆ. ಈ ಅಳತೆ ಯಾಕೆ ಅಂದರೆ, ಆಗ ನಾಲ್ಕೂ ಗೋಡೆ ಹೆಚ್ಚುಕಮ್ಮಿ 45 ಡಿಗ್ರಿಗೆ ಓರೆಯಾಗಿ ನಿಲ್ಲುತ್ತೆ.

ಫೋನನ್ನು ಮೇಜಿನ ಮೇಲೆ ಅಂಗಾತ ಮಲಗಿಸಿ, ಬ್ರೈಟ್‌ನೆಸ್ ಪೂರ್ತಿ ಏರಿಸಿ. ಆಲಿಕೆಯ ಚಿಕ್ಕ ಬಾಯಿ ಕೆಳಗೆ ಬರೋ ಹಾಗೆ ಪರದೆಯ ಮಧ್ಯಕ್ಕೆ ಇಡಿ. ಫೋನಿನಲ್ಲಿ ಒಂದೇ ಚಿತ್ರದ ನಾಲ್ಕು ಪ್ರತಿ ಇರಬೇಕು, ನಾಲ್ಕು ದಿಕ್ಕಿಗೂ ಒಂದೊಂದು. ಕಾಲು ಮಧ್ಯಕ್ಕೆ, ತಲೆ ಹೊರಕ್ಕೆ. ಹಿನ್ನೆಲೆ ಅಚ್ಚ ಕಪ್ಪು. ಕಪ್ಪು ಅಂದರೆ ಬೆಳಕು ಇಲ್ಲ, ಬೆಳಕಿಲ್ಲದ್ದು ಪ್ರತಿಫಲಿಸೋದೂ ಇಲ್ಲ. ಹಾಗಾಗಿ ಚಿತ್ರದ ಚೌಕಟ್ಟು ಮಾಯವಾಗಿ ಆಕಾರ ಮಾತ್ರ ಉಳಿಯುತ್ತೆ. ಲೈಟ್ ಆರಿಸಿ, ಕಣ್ಣನ್ನು ಮೇಜಿನ ಮಟ್ಟಕ್ಕೆ ತನ್ನಿ. ಆಲಿಕೆಯ ನಡುವೆ ಎರಡೂವರೆ ಸೆಂಟಿಮೀಟರ್ ಎತ್ತರದ ಬಾಬಾಸಾಹೇಬರು ನಿಂತಿರ್ತಾರೆ. ನಮ್ಮ ಮಕ್ಕಳು ನಾಲ್ಕೂ ಕಡೆಯಿಂದ ಸುತ್ತು ಹಾಕಿ ನೋಡಿದ್ದೇ ನೋಡಿದ್ದು. ಒಬ್ಬ ಚಿಕ್ಕವನು ಬೆರಳು ತೂರಿಸಿ ಹಿಡಿಯೋಕೆ ಹೋದ. ಯಾರೂ ಮುಟ್ಟಬೇಡ ಅನ್ನಲಿಲ್ಲ. ಶೀಟು ಬಿಚ್ಚಿಕೊಂಡಿತು, ಮತ್ತೆ ಅಂಟಿಸಿದೆವು.

ಆಮೇಲೆ ದೊಡ್ಡದು. ಗುಜರಿಯಲ್ಲಿ ಒಂದು ಹಳೆ 19 ಇಂಚಿನ ಕಂಪ್ಯೂಟರ್ ಮಾನಿಟರ್ ಸಿಕ್ಕಿತು, 600 ರೂಪಾಯಿ. ಅದರ ಪರದೆ 38 ಸೆಂಟಿಮೀಟರ್ ಅಗಲ, 30 ಸೆಂಟಿಮೀಟರ್ ಎತ್ತರ. ಇದಕ್ಕೆ ನಾಲ್ಕು ಗೋಡೆ ಬೇಡ, ಒಂದೇ ಹಾಳೆ ಸಾಕು. ಎಷ್ಟು ಉದ್ದದ ಹಾಳೆ? ಆ ಎಸ್ಸೆಸ್ಸೆಲ್ಸಿ ಹುಡುಗಿಯೇ ಲೆಕ್ಕ ಹಾಕಿದಳು. ಅಡ್ಡ 30, ನೇರ 30, ಕರ್ಣ ಎಷ್ಟು? ಮೂವತ್ತರ ವರ್ಗ 900, ಎರಡು ಸೇರಿ 1800, ವರ್ಗಮೂಲ 42.4. "ಪರೀಕ್ಷೆಯಲ್ಲಿ ಪೈಥಾಗೊರಸ್ ಬರೆದು ಬಂದೆ ಅಂಕಲ್, ಇದಕ್ಕೆ ಅಂತ ಗೊತ್ತಿರಲಿಲ್ಲ" ಅಂದಳು. 43 ಸೆಂಟಿಮೀಟರಿಗೆ 2 ಮಿಲಿಮೀಟರ್ ದಪ್ಪದ ಅಕ್ರಿಲಿಕ್ ಕತ್ತರಿಸಿ ತಂದೆವು, 350 ರೂಪಾಯಿ. ಫೋಟೊ ಫ್ರೇಮಿನ ಗಾಜೂ ಆಗುತ್ತೆ, ಅಂಚಿಗೆ ಟೇಪ್ ಸುತ್ತದೆ ಮಕ್ಕಳ ಕೈಗೆ ಕೊಡಬೇಡಿ. ದಪ್ಪ ಗಾಜು ಬೇಡವೇ ಬೇಡ. ಅದರ ಮುಂದಿನ ಮೈಯಿಂದ ಒಂದು, ಹಿಂದಿನ ಮೈಯಿಂದ ಒಂದು ಬಿಂಬ ಬಂದು ಒಬ್ಬರು ಇಬ್ಬರಾಗಿ ಕಾಣ್ತಾರೆ.

ದೊಡ್ಡ ರಟ್ಟಿನ ಡಬ್ಬ, ಒಳಗೆಲ್ಲ ಕಪ್ಪು ಬಣ್ಣ, ಮುಂದೆ ಮತ್ತು ಒಂದು ಪಕ್ಕ ತೆರೆದದ್ದು. ಡಬ್ಬದ ನೆತ್ತಿ ಮೇಲೆ ಮಾನಿಟರ್ ಬೋರಲು, ಪರದೆ ಕೆಳಮುಖ. ಅದು ಜಾರದಂತೆ ಕೆಳಗೆ ಮರದ ಪಟ್ಟಿ ಕೊಟ್ಟೆವು. ಅಕ್ರಿಲಿಕ್ಕಿನ ಮೇಲಂಚು ಹಿಂದೆ, ಕೆಳಗಿನ ಅಂಚು ಮುಂದೆ, ನಡುವೆ 45 ಡಿಗ್ರಿ. ಮಾನಿಟರಿನ ಬೆಳಕು ಕೆಳಗೆ ಬಂದು ಹಾಳೆಗೆ ಬಡಿದು ನೇರ ನೋಡೋರ ಕಣ್ಣಿಗೆ ಬರುತ್ತೆ. ಬಿಂಬ ಹಾಳೆಯ ಹಿಂದೆ, ಒಂದಡಿ ಎತ್ತರಕ್ಕೆ ನೆಟ್ಟಗೆ ನಿಲ್ಲುತ್ತೆ. ಹಾಳೆಯ ಹಿಂದೆ ಬಿಂಬದ ಪಕ್ಕದಲ್ಲೇ ನಿಜವಾದ ಒಂದು ಪುಟ್ಟ ಪುಸ್ತಕದ ಅಟ್ಟಿ ಇಟ್ಟು ಸಣ್ಣ ದೀಪ ಬಿಟ್ಟೆವು. ನಿಜದ ಪುಸ್ತಕದ ಪಕ್ಕ ಬೆಳಕಿನ ಮನುಷ್ಯ. ಇದ್ದದ್ದಕ್ಕೂ ಕಂಡದ್ದಕ್ಕೂ ವ್ಯತ್ಯಾಸ ಗೊತ್ತಾಗಲಿಲ್ಲ.

ಒಂದೇ ಸಲಕ್ಕೆ ಬಂತು ಅಂದುಕೊಳ್ಳಬೇಡಿ. ಮೊದಲ ದಿನ ಬಾಬಾಸಾಹೇಬರು ಹಿಂದಕ್ಕೆ ವಾಲಿಕೊಂಡಿದ್ದರು. ಹಾಳೆ 5 ಡಿಗ್ರಿ ತಪ್ಪಿದರೆ ಬಿಂಬ 10 ಡಿಗ್ರಿ ವಾಲುತ್ತೆ ಅನ್ನೋದು ಆವತ್ತು ಕಲಿತೆವು. ಎರಡನೇ ದಿನ ಸಂವಿಧಾನ ಪೀಠಿಕೆಯ ಅಕ್ಷರ ಹಾಕಿದರೆ ಎಲ್ಲಾ ತಿರುಗಾಮುರುಗ. ಕನ್ನಡಿಯಲ್ಲಿ ಆಗೋದೇ ಇಲ್ಲೂ ಆಗುತ್ತೆ. ವಿಡಿಯೊವನ್ನೇ ಮೊದಲು ಎಡಬಲ ತಿರುಗಿಸಿ ಹಾಕಬೇಕು. ಅದನ್ನು ಕಂಡುಹಿಡಿದದ್ದೂ ಮಕ್ಕಳೇ. ಮೂರನೇ ದಿನ ಭವನದ ಮುಂದಿನ ಬೀದಿದೀಪದ ಬೆಳಕು ಹಾಳೆಗೆ ಬಿದ್ದು ಬಿಂಬ ಸಪ್ಪೆಯಾಯಿತು. ನಮ್ಮಕ್ಕನ ಕಪ್ಪು ಕಂಬಳಿ ಅಡ್ಡ ಕಟ್ಟಿದೆವು. ಬಣ್ಣ, ಟೇಪು, ವೈರು ಎಲ್ಲಾ ಸೇರಿ ಒಟ್ಟು ಖರ್ಚು 1,180 ರೂಪಾಯಿ. ಲೆಕ್ಕದ ಚೀಟಿ ನನ್ನ ಹತ್ತಿರ ಇದೆ, ಯಾರು ಬೇಕಾದರೂ ನೋಡಬಹುದು.

ಇನ್ನೊಂದು ಜಗಳ ಆಯಿತು, ಅದನ್ನೂ ಹೇಳಬೇಕು. ಹುಡುಗರಿಗೆ ಬಾಬಾಸಾಹೇಬರನ್ನು ಮಾತಾಡಿಸೋ ಆಸೆ. ಎಐ ಇಟ್ಟುಕೊಂಡು ತುಟಿ ಅಲ್ಲಾಡಿಸಿ, ಕನ್ನಡದಲ್ಲಿ ಹೊಸ ಭಾಷಣ ಹೇಳಿಸೋಣ ಅಂದರು. ನಾನು ಒಪ್ಪಲಿಲ್ಲ. ಅವರು ಆಡಿದ್ದೇ ಸಂಪುಟಗಟ್ಟಲೆ ಇದೆ, ಕನ್ನಡದಲ್ಲೂ ಬಂದಿದೆ. ಅದನ್ನು ಓದದ ನಾವು ಅವರು ಆಡದ ಮಾತನ್ನು ಅವರ ಬಾಯಿಗೆ ಹಾಕೋದಾ? ಇವತ್ತು ನಾವು ಒಳ್ಳೆ ಮಾತು ಹಾಕ್ತೀವಿ, ನಾಳೆ ಇನ್ಯಾರೋ ಮೀಸಲಾತಿ ಬೇಡ ಅಂತ ಅವರ ಬಾಯಲ್ಲೇ ಹೇಳಿಸ್ತಾರೆ. ಅವರು ಸುಮ್ಮನೆ ನಿಂತಿರಲಿ, ಪೀಠಿಕೆಯನ್ನು ನಮ್ಮ ಮಕ್ಕಳು ತಮ್ಮ ದನಿಯಲ್ಲಿ ಓದಲಿ ಅಂದೆ. ಕೊನೆಗೆ ಹಾಗೇ ಆಯಿತು. ಇಬ್ಬರು ಹುಡುಗರು ಇನ್ನೂ ನನ್ನ ಹತ್ತಿರ ಸರಿಯಾಗಿ ಮಾತಾಡ್ತಿಲ್ಲ.

ಏಪ್ರಿಲ್ 14ರ ಸಂಜೆ. ಏಳೂವರೆಗೆ ಲೈಟ್ ಆರಿಸಿದೆವು. ಕಪ್ಪು ಡಬ್ಬದೊಳಗೆ ನೀಲಿ ಕೋಟು, ಕನ್ನಡಕ, ಕೈಯಲ್ಲಿ ಪುಸ್ತಕ. ಭವನ ಒಂದು ಗಳಿಗೆ ಮೌನ. ಆಮೇಲೆ ಹಿಂದಿನಿಂದ ಯಾರೋ "ಜೈ ಭೀಮ್" ಅಂದರು, ಇಡೀ ಭವನ ಕೂಗಿತು. ನನ್ನ ಕಣ್ಣೂ ತುಂಬಿತು, ಸುಳ್ಳು ಯಾಕೆ ಹೇಳಲಿ. ಗುಟ್ಟು ಗೊತ್ತಿದ್ದವನಿಗೂ ಮೈ ಜುಮ್ ಅಂತು.

ಅಷ್ಟರಲ್ಲಿ ನಮ್ಮ ಕೇರಿಯ ಹಿರಿಯಜ್ಜಿ ಎದ್ದು ಬಂದಳು. ಎಂಬತ್ತು ದಾಟಿದೆ. ಸೆರಗು ತಲೆ ಮೇಲೆ ಹೊದ್ದು ಡಬ್ಬದ ಮುಂದೆ ಮಂಡಿಯೂರಿ ಕೈಮುಗಿದಳು. ಹಿಂದೆಯೇ ಇನ್ನೊಬ್ಬರು ಕಾಯಿ ಕರ್ಪೂರ ತರಿಸಿ ಅಂದರು. ನನ್ನೊಳಗೆ ಏನೋ ಕಿವುಚಿದಂಗಾಯಿತು. ಇದಕ್ಕಾ ನಾವು ಮಾಡಿದ್ದು? 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಇದೇ ಮನುಷ್ಯ ರಾಜಕೀಯದಲ್ಲಿ ಭಕ್ತಿ ಬೇಡ, ವ್ಯಕ್ತಿಪೂಜೆ ಸರ್ವಾಧಿಕಾರಕ್ಕೆ ದಾರಿ ಅಂತ ಎಚ್ಚರಿಸಿದ್ದರು. ಅವರನ್ನೇ ನಾವು ಡಬ್ಬದಲ್ಲಿಟ್ಟು ದೇವರು ಮಾಡಿದೆವಾ? ಇಷ್ಟಕ್ಕೂ ನಮ್ಮ ಜನರನ್ನು ಸಾವಿರಾರು ವರ್ಷ ಕೂರಿಸಿದ್ದೇ ಹೀಗಲ್ಲವಾ? ಗರ್ಭಗುಡಿಯ ಕತ್ತಲು, ಒಂದು ದೀಪ, ದೂರದಲ್ಲಿ ನಿಲ್ಲು, ಒಳಗೆ ಬರಬೇಡ, ಮುಟ್ಟಬೇಡ, ಕೇಳಬೇಡ, ಕೈಮುಗಿ.

ನಾನು ಬಾಯಿ ತೆರೆಯೋಕೆ ಮುಂಚೆ ಆ ಹುಡುಗಿ ಅಜ್ಜಿಯ ಕೈ ಹಿಡಿದು ಎಬ್ಬಿಸಿದಳು. "ಅಜ್ಜೀ, ಈ ಕಡೆ ಬಾ" ಅಂತ ಡಬ್ಬದ ಪಕ್ಕಕ್ಕೆ ಕರೆದುಕೊಂಡು ಹೋದಳು. ಪಕ್ಕದಿಂದ ನೋಡಿದರೆ ಬಾಬಾಸಾಹೇಬರು ಇಲ್ಲ. ಓರೆ ಪ್ಲಾಸ್ಟಿಕ್ ಇದೆ, ಮೇಲೆ ಬೋರಲು ಟಿವಿ ಇದೆ, ಒಂದು ಪುಸ್ತಕದ ಅಟ್ಟಿ ಇದೆ. ಅಜ್ಜಿ ಮುಂದಕ್ಕೆ ಬಂದು ನೋಡಿದಳು, ಇದಾರೆ. ಪಕ್ಕಕ್ಕೆ ಹೋಗಿ ನೋಡಿದಳು, ಇಲ್ಲ. ಪ್ಲಾಸ್ಟಿಕ್ಕನ್ನು ಬೆರಳಲ್ಲಿ ಮುಟ್ಟಿ ನೋಡಿದಳು. ಆಮೇಲೆ ಬಾಯಿ ತುಂಬ ನಕ್ಕು, "ಅಯ್ ನಿನ್ನ! ಇಷ್ಟೇಯಾ? ಇದ ಮಾಡ್ದೋರು ನೀವೇಯಾ?" ಅಂದಳು. "ಹೂಂ ಅಜ್ಜಿ, ನಾವೇ." ಅಜ್ಜಿ ಆ ಹುಡುಗಿಯ ತಲೆ ಸವರಿ ನೆಟಿಗೆ ಮುರಿದಳು. ಡಬ್ಬಕ್ಕೆ ಮುಗಿದ ಕೈ ಹುಡುಗಿಯ ತಲೆಗೆ ಬಂತು. ಆವತ್ತು ನಡೆದ ಎಲ್ಲ ಭಾಷಣಕ್ಕಿಂತ ಅದು ದೊಡ್ಡದು ಅಂತ ನನ್ನ ಲೆಕ್ಕ.

ನಾನು ಹೇಳಬೇಕಾದದ್ದು ಇದೇ ಗೆಳೆಯರೇ. ಈ ವಿದ್ಯೆ ನಡೆಯೋದು ಎದುರಿಗೆ ಕೂತವರ ಮೇಲೆ ಮಾತ್ರ. ಪಕ್ಕಕ್ಕೆ ಬಂದವರ ಮೇಲೆ ನಡೆಯಲ್ಲ. ನಮ್ಮನ್ನು ಯಾವಾಗಲೂ ಎದುರಿಗೇ ಕೂರಿಸಿದಾರೆ. ದೇವಸ್ಥಾನದಲ್ಲಿ, ಕ್ಲಾಸಿನಲ್ಲಿ, ಚುನಾವಣೆ ಸಭೆಯಲ್ಲಿ. 2012ರ ಗುಜರಾತ್ ಚುನಾವಣೆಯಲ್ಲಿ ನಾಯಕರು ಒಂದು ಕಡೆ ನಿಂತು ಹಲವು ಊರುಗಳ ವೇದಿಕೆ ಮೇಲೆ ಒಟ್ಟಿಗೇ ಕಾಣಿಸಿಕೊಂಡರು. 2014ರಲ್ಲೂ ಅದೇ ನಡೀತು. ದೊಡ್ಡವರು ಭಾಷಣ ಮಾಡುವಾಗ ಅಕ್ಕಪಕ್ಕ ನಿಲ್ಲಿಸೋ ಟೆಲಿಪ್ರಾಂಪ್ಟರ್ ಗಾಜು ಕೂಡ ಇದೇ ವಿದ್ಯೆ. ಅವರಿಗೆ ಅಕ್ಷರ ಕಾಣುತ್ತೆ, ನಮಗೆ ಬರೀ ಗಾಜು ಕಾಣುತ್ತೆ, ಎದೆಯಿಂದ ಮಾತಾಡ್ತಿದಾರೆ ಅಂದುಕೊಳ್ತೀವಿ. ಪಕ್ಷ ಯಾವುದಾದರೂ ಇರಲಿ. ತಪ್ಪು ಗಾಜಿನದಲ್ಲ. ನಮಗೆ ಗೊತ್ತಿಲ್ಲದಿರೋದೇ ಅವರ ಬಂಡವಾಳ.

ಇದನ್ನು ನಾನೇ ಮೊದಲು ಹೇಳ್ತಿಲ್ಲ. ನಮ್ಮ ರಾಜ್ಯದಲ್ಲಿ ಎಚ್. ನರಸಿಂಹಯ್ಯನವರು ಇದ್ದರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ 1976ರಲ್ಲಿ ಪವಾಡಗಳನ್ನು ಪರೀಕ್ಷೆ ಮಾಡೋಕೆ ಒಂದು ಸಮಿತಿ ಮಾಡಿದರು. ಆ ಸಮಿತಿ ಕೇಳಿದ್ದೂ ಇಷ್ಟೇ: ನಾವು ಪಕ್ಕಕ್ಕೆ ಬಂದು ನೋಡಬಹುದಾ? ಅದೇ ವರ್ಷ ಸಂವಿಧಾನಕ್ಕೆ 51ಎ ವಿಧಿ ಸೇರಿತು. ವೈಜ್ಞಾನಿಕ ಮನೋಭಾವ ಬೆಳೆಸಿಕೊಳ್ಳೋದು ಪ್ರತಿ ನಾಗರಿಕನ ಕರ್ತವ್ಯ ಅಂತ ಅದರಲ್ಲಿದೆ. ಕರ್ತವ್ಯ ಅಂತ ಬರೆದರು, ಸರಿ. ಆದರೆ ಪ್ರಿಸಮ್ಮನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರೆ ನಮ್ಮ ಮಗು ಆ ಕರ್ತವ್ಯ ಮಾಡೋದು ಹೇಗೆ? 17ನೇ ವಿಧಿ ಅಸ್ಪೃಶ್ಯತೆ ತೆಗೆಯಿತು. ಮನುಷ್ಯರನ್ನು ಮುಟ್ಟೋ ಪ್ರಶ್ನೆಯೇ ಇನ್ನೂ ಪೂರ್ತಿ ಮುಗಿದಿಲ್ಲ, ಒಪ್ತೀನಿ. ಅದರ ಜೊತೆಗೆ ವಸ್ತುಗಳನ್ನು ಮುಟ್ಟೋ ಪ್ರಶ್ನೆಯೂ ಇದೆ. ಗಾಜು, ಲೆನ್ಸು, ಬ್ಯಾಟರಿ, ಕಂಪ್ಯೂಟರ್. ಒಡೆದುಹಾಕೋ ಹಕ್ಕು ಇಲ್ಲದೆ ಯಾರೂ ವಿಜ್ಞಾನ ಕಲಿತಿಲ್ಲ. ಉಳ್ಳವರ ಮಕ್ಕಳು ಎಷ್ಟು ಆಟಿಕೆ ಒಡೆದು ಎಂಜಿನಿಯರ್ ಆದರು, ಲೆಕ್ಕ ಇಟ್ಟವರು ಯಾರು?

ಕೆಲವು ಹಿರಿಯರು ಫೋನ್ ಮಾಡಿ ಬೇಜಾರು ಮಾಡಿಕೊಂಡರು. ಬಾಬಾಸಾಹೇಬರನ್ನು ರಟ್ಟಿನ ಡಬ್ಬದಲ್ಲಿ, ಗುಜರಿ ಮಾನಿಟರಿನಲ್ಲಿ ತೋರಿಸಿದ್ದು ಅವಮಾನ ಅಲ್ಲವಾ ಅಂತ. ನನ್ನ ಉತ್ತರ ಇಷ್ಟೇ ಅಣ್ಣಂದಿರೇ: ಬಾಡಿಗೆ ಬೆಳಕಿನಲ್ಲಿ ಅವರನ್ನು ದೂರ ನಿಲ್ಲಿಸಿ, ಪಕ್ಕಕ್ಕೆ ಬರಬೇಡಿ ಅಂತ ಹಗ್ಗ ಕಟ್ಟೋದು ಅವಮಾನ. ನಮ್ಮ ಮಕ್ಕಳ ಕೈಯ ಅಂಟು ಮೆತ್ತಿದ ಡಬ್ಬ ಅವಮಾನ ಅಲ್ಲ.

ಇನ್ನೊಂದು ಮಾತು ಪ್ರಾಮಾಣಿಕವಾಗಿ ಹೇಳಿಬಿಡ್ತೀನಿ. ಹೊಲೊಗ್ರಾಮಿನಿಂದ ಉಳಿದ ದುಡ್ಡು ಕೇರಿಯ ಓದುಮನೆಗೆ ಹೋಯಿತು ಅಂತ ಬರೆಯೋಕೆ ತುಂಬ ಆಸೆ. ಹೋಗಲಿಲ್ಲ. ಡಿಜೆಗೆ ಇನ್ನೆರಡು ಬಾಕ್ಸ್ ಜಾಸ್ತಿ ಬಂತು. ಮೂರು ಸಾವಿರ ಮಾತ್ರ ಜಗಳ ಮಾಡಿ ಕಿತ್ತುಕೊಂಡೆ. ಅದರಲ್ಲಿ ಒಂದು ಪ್ರಿಸಮ್, ಎರಡು ಲೆನ್ಸ್, ಒಂದಷ್ಟು ಕನ್ನಡಿ ತುಂಡು, ಅಕ್ರಿಲಿಕ್ ತಂದು ಭವನದ ಮೂಲೆಯಲ್ಲಿ ಇಟ್ಟಿದ್ದೀವಿ. ಬೀಗ ಇಲ್ಲ. ಒಂದು ಲೆನ್ಸ್ ಆಗಲೇ ಒಡೆದಿದೆ. ಒಡೆಯಲಿ.

ಮುಂದಿನ ವರ್ಷ ಜಯಂತಿ ಮಾಡೋ ಎಲ್ಲ ಸಮಿತಿಗಳಿಗೆ ನನ್ನ ಮನವಿ. ಬೆಳಕಿನ ಬಾಬಾಸಾಹೇಬರು ಬೇಕೆಂದರೆ ಮಾಡಿ, ಆದರೆ ನೀವೇ ಮಾಡಿ. ಹತ್ತು ದಿನ ಮುಂಚೆ ಮಕ್ಕಳನ್ನು ಕೂರಿಸಿ, ಹುಡುಗಿಯರನ್ನು ಮುಂದೆ ಕೂರಿಸಿ. ಡಬ್ಬದ ಒಂದು ಪಕ್ಕ ತೆರೆದೇ ಇಡಿ. ಅಲ್ಲಿ ಒಂದು ಕುರ್ಚಿ ಹಾಕಿ, ಮಾಡಿದ ಮಗುವನ್ನೇ ಕೂರಿಸಿ. ಎದುರಿಗೆ ನೋಡಿ ಕಣ್ಣು ತುಂಬಿಕೊಂಡವರೆಲ್ಲ ಮನೆಗೆ ಹೋಗೋ ಮುಂಚೆ ಆ ಪಕ್ಕಕ್ಕೆ ಬಂದು ಹೋಗಲಿ. ಮಾಡಿದವರ ಹೆಸರನ್ನು ಡಬ್ಬದ ಮೇಲೆ ದೊಡ್ಡದಾಗಿ ಬರೆಯಿರಿ. ಡರ್ಕ್ಸ್‌ಗೆ ಆದದ್ದು ನಮ್ಮ ಮಕ್ಕಳಿಗೆ ಆಗಬಾರದು. ಗುಂಡಿಯೊಳಗಿನ ಆ ನಟನಿಗೆ ಆದದ್ದಂತೂ ಬೇಡವೇ ಬೇಡ.

ಆ ಹುಡುಗಿಯ ವಿಷಯ ಕೇಳ್ತೀರ ಅಂತ ಗೊತ್ತು. ಪಿಯುಸಿಗೆ ಸೈನ್ಸ್ ತಗೋಬೇಕು ಅಂತಾಳೆ. ಟ್ಯೂಶನ್ನು, ಲ್ಯಾಬ್ ಫೀಸು, ಬಸ್ ಪಾಸು ಅಂತ ಅವರಪ್ಪ ಲೆಕ್ಕ ಹಾಕ್ತಾ ಕೂತಿದಾನೆ. ಆರ್ಟ್ಸ್ ಆದರೆ ಸುಲಭ, ಅಣ್ಣಾ ನೀನೂ ಅದನ್ನೇ ಓದಿದ್ದಲ್ಲವಾ ಅಂತ ನನ್ನನ್ನೇ ಕೇಳಿದ. ಹೌದಪ್ಪ, ಓದಿದೆ, ನನಗೆ ಅನ್ನ ಕೊಟ್ಟಿದೆ. ಆದರೆ ನಾನು ಅದನ್ನು ಆರಿಸಿಕೊಂಡಿದ್ದಲ್ಲ, ಒಂದು ಬೀಗ ನನಗೋಸ್ಕರ ಆರಿಸಿತ್ತು ಅಂದೆ. ಅವನು ಏನೂ ಹೇಳಲಿಲ್ಲ. ಅರ್ಜಿ ಇನ್ನೂ ಅವಳ ಬ್ಯಾಗಿನಲ್ಲೇ ಇದೆ. ನಾಳೆ ಸಂಜೆ ಆಫೀಸು ಮುಗಿಸಿಕೊಂಡು ಮತ್ತೆ ಅವರ ಮನೆಗೆ ಹೋಗ್ತಿದ್ದೀನಿ.

ಜೈ ಭೀಮ್.